ಮ್ಯೂಸಿನಸ್ ಸ್ತನ ಕ್ಯಾನ್ಸರ್‌ಗೆ ಕಿಮೋ ಬೇಕೇ? ರಿಪೋರ್ಟ್ ಹೀಗೆ ಓದಿ

ಸ್ತನ ಕ್ಯಾನ್ಸರ್ ಎಂದು ತಿಳಿದೊಡನೆ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಕಿಮೋ ಕೊಡಬೇಕಾ ಡಾಕ್ಟ್ರೇ?’ ಎಂಬುದು. ಉತ್ತರ ಎಲ್ಲರಿಗೂ ಒಂದೇ ಅಲ್ಲ. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಎರಡು ಮಾತ್ರ ಮ್ಯೂಸಿನಸ್ ಕಾರ್ಸಿನೋಮಾ ಆಗಿರುತ್ತವೆ. ಇದರಲ್ಲಿ ಕ್ಯಾನ್ಸರ್ ಕೋಶಗಳು ತಾವೇ ಸ್ರವಿಸಿದ ಲೋಳೆಯೊಳಗೆ ಗುಂಪುಗುಂಪಾಗಿ ಇರುತ್ತವೆ. ಹೆಚ್ಚಾಗಿ ಮುಟ್ಟು ನಿಂತ ಮಹಿಳೆಯರಲ್ಲಿ ಕಾಣುವ ಈ ಗಡ್ಡೆ ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುತ್ತದೆ. ಅಮೆರಿಕದಲ್ಲಿ 11,400ಕ್ಕೂ ಹೆಚ್ಚು ರೋಗಿಗಳ ದಾಖಲೆ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಕ್ಯಾನ್ಸರಿನಿಂದ ಸಾಯದೆ ಉಳಿದವರ ಪ್ರಮಾಣ ಹತ್ತು ವರ್ಷಕ್ಕೆ ಶೇ 89, ಇಪ್ಪತ್ತು ವರ್ಷಕ್ಕೆ ಶೇ 81.

ಹಾಗೆಂದು ಹೆಸರು ನೋಡಿಯೇ ಕಿಮೋ ಬೇಡವೆಂದು ತೀರ್ಮಾನಿಸಬಾರದು. ರಿಪೋರ್ಟಿನಲ್ಲಿ ಈ ಅಂಶಗಳನ್ನು ಒಂದೊಂದಾಗಿ ನೋಡಿ.

1. ಶುದ್ಧವೋ, ಮಿಶ್ರವೋ?
ಗಡ್ಡೆಯ ಶೇ 90ಕ್ಕಿಂತ ಹೆಚ್ಚು ಭಾಗ ಮ್ಯೂಸಿನಸ್ ಆಗಿದ್ದರೆ ಅದು ‘ಪ್ಯೂರ್’. ಅದಕ್ಕಿಂತ ಕಡಿಮೆಯಿದ್ದು ಬೇರೆ ಬಗೆಯ ಕ್ಯಾನ್ಸರ್ ಸೇರಿದ್ದರೆ ‘ಮಿಕ್ಸೆಡ್’. ಮೇಲೆ ಹೇಳಿದ ಭರವಸೆ ಮುಖ್ಯವಾಗಿ ಮೊದಲನೆಯದಕ್ಕೆ. ಸೂಜಿ ಬಯಾಪ್ಸಿಯಲ್ಲಿ ಗಡ್ಡೆಯ ಚೂರು ಮಾತ್ರ ಸಿಗುವುದರಿಂದ, ಆಪರೇಷನ್ ನಂತರದ ರಿಪೋರ್ಟೇ ಅಂತಿಮ.

2. ಇಆರ್, ಪಿಆರ್, ಹರ್2 ಏನು?
ಇಆರ್, ಪಿಆರ್ ಎಂದರೆ ಕೋಶದ ಹಾರ್ಮೋನ್ ಗ್ರಾಹಕಗಳು, ಹರ್2 ಎಂದರೆ ಕೋಶದ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನ್. ಮ್ಯೂಸಿನಸ್ ಗಡ್ಡೆಗಳಲ್ಲಿ ಬಹುಪಾಲು ಇಆರ್ ಪಾಸಿಟಿವ್, ಹರ್2 ನೆಗೆಟಿವ್. ಇಆರ್ ಪಾಸಿಟಿವ್ ಎಂದರೆ ಹಾರ್ಮೋನ್ ಮಾತ್ರೆ ಕೆಲಸ ಮಾಡುವ ಸಾಧ್ಯತೆಯಿದೆ ಎಂದರ್ಥ. ಫಲಿತಾಂಶ ಇದಕ್ಕೆ ಉಲ್ಟಾ ಬಂದರೆ, ಅದೇ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಮತ್ತೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ.

3. ಕಂಕುಳಿನ ಗ್ರಂಥಿಗೆ ಹರಡಿದೆಯೇ?
ಮುಂದಿನ ದಿನಗಳು ಹೇಗಿರುತ್ತವೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೂಚಿಸುವುದು ಇದೇ. ಗಡ್ಡೆಯ ಅಳತೆ ದೊಡ್ಡದೆಂದು ಕೂಡಲೇ ಗಾಬರಿ ಬೇಡ. ಅದರಲ್ಲಿ ಲೋಳೆಯ ಪಾಲೂ ಸೇರಿರುತ್ತದೆ.

4. ಈಗ ಕಿಮೋ ಪ್ರಶ್ನೆ ಕೇಳಿ
ಶುದ್ಧ ಮ್ಯೂಸಿನಸ್, ಇಆರ್ ಪಾಸಿಟಿವ್, ಹರ್2 ನೆಗೆಟಿವ್, ಗ್ರಂಥಿಗೆ ಹರಡಿಲ್ಲ – ಈ ನಾಲ್ಕೂ ಕೂಡಿಬಂದರೆ ಕಿಮೋದಿಂದ ಸಿಗುವ ಹೆಚ್ಚುವರಿ ಲಾಭ ಸಾಮಾನ್ಯವಾಗಿ ತೀರಾ ಅಲ್ಪ. ಆಪರೇಷನ್, ಅಗತ್ಯವಿದ್ದರೆ ರೇಡಿಯೇಷನ್, ನಂತರ ಹಾರ್ಮೋನ್ ಮಾತ್ರೆ ಇಂಥವರಿಗೆ ರೂಢಿಯ ದಾರಿ. ಗ್ರಂಥಿಗೆ ಹರಡಿದ್ದರೆ ಅಥವಾ ಮಿಶ್ರ ಬಗೆಯಾಗಿದ್ದರೆ ಕಿಮೋ ವಿಚಾರ ಗಂಭೀರವಾಗಿ ಬರುತ್ತದೆ. ಇಆರ್ ನೆಗೆಟಿವ್ ಆಗಿದ್ದರೂ ಅಷ್ಟೇ. ಹರ್2 ಪಾಸಿಟಿವ್ ಇದ್ದಲ್ಲಿ ಅದನ್ನೇ ಗುರಿಯಾಗಿಸುವ ಟ್ರಾಸ್ಟುಜುಮ್ಯಾಬ್ ಔಷಧವೂ ಸೇರಬಹುದು. ಆಪರೇಷನ್‌ಗೆ ಮೊದಲೇ ಕಿಮೋ ಕೊಡುವ ಮಾತು ಬಂದರೆ ಕಾರಣ ಕೇಳಿ. ಕೋಶಗಳು ಸತ್ತರೂ ಲೋಳೆ ಉಳಿಯುವುದರಿಂದ ಈ ಗಡ್ಡೆ ಅಷ್ಟಾಗಿ ಕುಗ್ಗದಿರಬಹುದು.

5. ಡಾಕ್ಟರ್ ಬಳಿ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ
– ಕಿಮೋ ಕೊಟ್ಟರೆ ನನಗೆ ನೂರಕ್ಕೆ ಎಷ್ಟು ಹೆಚ್ಚು ಲಾಭ?
– ನನ್ನ ವಯಸ್ಸು, ಹೃದಯ, ಸಕ್ಕರೆ ಕಾಯಿಲೆಗೆ ಅದು ಹೊಂದುತ್ತದೆಯೇ?
– ಕಿಮೋ ಬೇಕೇ ಎಂದು ತಿಳಿಯಲು ಗಡ್ಡೆಯ ಜೀನ್ ಪರೀಕ್ಷೆ ನನಗೆ ಉಪಯೋಗವೇ, ಖರ್ಚೆಷ್ಟು?

6. ಹಾರ್ಮೋನ್ ಮಾತ್ರೆ ಬಿಡಬೇಡಿ
ಮುಟ್ಟು ನಿಲ್ಲದವರಿಗೆ ಸಾಮಾನ್ಯವಾಗಿ ಟ್ಯಾಮೊಕ್ಸಿಫೆನ್, ನಿಂತವರಿಗೆ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್. ಕನಿಷ್ಠ ಐದು ವರ್ಷ. ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುವಾಗ ಅಸಹಜ ರಕ್ತಸ್ರಾವ ಕಂಡರೆ ತಡಮಾಡದೆ ತಿಳಿಸಿ. ಉಳಿದೆರಡು ಮಾತ್ರೆಗಳಿಂದ ಮೂಳೆ ಸವೆಯಬಹುದು. ಮೂಳೆಯ ಸಾಂದ್ರತೆ ಪರೀಕ್ಷಿಸಿಕೊಳ್ಳಿ. ಈ ಕ್ಯಾನ್ಸರ್ ಹತ್ತು ವರ್ಷ ಕಳೆದ ಮೇಲೂ ಮರಳಬಹುದು. ಆದ್ದರಿಂದ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ತಪ್ಪಿಸಬೇಡಿ.

ಸಂಕೋಚ, ನಾಚಿಕೆ ಬಿಟ್ಟು ಪ್ರಶ್ನೆ ಕೇಳಿ. ಸಂಶಯವಿದ್ದರೆ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಪಡೆಯಿರಿ. ಬೇಡದ ಕಿಮೋ ದೇಹವನ್ನು ಸುಮ್ಮನೆ ದಣಿಸುತ್ತದೆ, ಬೇಕಾದ ಕಿಮೋ ತಪ್ಪಿಸಿದರೆ ಜೀವಕ್ಕೇ ಅಪಾಯ. ಇವೆರಡರ ನಡುವಿನ ತೀರ್ಮಾನ ನಿಮ್ಮ ಪೂರ್ತಿ ರಿಪೋರ್ಟ್ ನೋಡಿದ ತಜ್ಞರ ಜೊತೆ ಕೂತೇ ಆಗಲಿ.