ಆನೆಕಾಲಿನ ಹುಳುವೂ ದೇಹದ ಕಾವಲೂ

ಆನೆಕಾಲು ರೋಗವು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಜನರಿಗೆ ಕೇಳಿ ತಿಳಿದ ರೋಗವಲ್ಲ, ಕಂಡು ತಿಳಿದ ರೋಗ. ಕರಾವಳಿಯ ಮೂರು ಜಿಲ್ಲೆಗಳಲ್ಲಿಯೂ ಹಾಗೆಯೇ. ಆದರೆ ಊದಿದ ಕಾಲನ್ನು ಕಂಡ ಮಾತ್ರಕ್ಕೆ ಇಡೀ ರೋಗವನ್ನು ಕಂಡಂತಾಗುವುದಿಲ್ಲ. ಒಂದೇ ಓಣಿಯಲ್ಲಿ ಮೂರು ಮನೆಗಳಿವೆಯೆಂದು ಭಾವಿಸೋಣ. ಮೊದಲನೆಯ ಮನೆಯ ಹಿರಿಯನ ಕಾಲು ಕಂಬದಂತೆ ಊದಿ ಚರ್ಮ ಒರಟಾಗಿದೆ. ಎರಡನೆಯ ಮನೆಯ ಯುವಕ ಹೊಲದಲ್ಲಿ ದಿನವಿಡೀ ದುಡಿಯುತ್ತಾನೆ. ಅವನಿಗೆ ಯಾವ ತೊಂದರೆಯೂ ಇಲ್ಲ. ಆದರೆ ನಡುರಾತ್ರಿಯಲ್ಲಿ ಅವನ ಬೆರಳಿನಿಂದ ತೆಗೆದ ರಕ್ತದ ಹನಿಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಮರಿಹುಳುಗಳು ಹೊರಳಾಡುತ್ತಿರುತ್ತವೆ. ಮೂರನೆಯ ಮನೆಯವನು ರಾತ್ರಿ ಕೆಮ್ಮಿ ಕೆಮ್ಮಿ ಎದ್ದು ಕೂಡುತ್ತಾನೆ. ಅವನಿಗೆ ದಮ್ಮು ಎಂದು ಊರೆಲ್ಲ ನಂಬಿದೆ. ಮೂವರನ್ನೂ ಕಚ್ಚಿದ್ದು ಒಂದೇ ಚರಂಡಿಯ ಸೊಳ್ಳೆ, ಮೂವರ ದೇಹವನ್ನೂ ಹೊಕ್ಕದ್ದು ಒಂದೇ ಜಾತಿಯ ಹುಳು. ಬೇರೆಯಾದುದು ಆ ಹುಳುವಿಗೆ ಅವರವರ ದೇಹ ಕೊಟ್ಟ ಉತ್ತರ ಮಾತ್ರ.

ಈ ಉತ್ತರದ ಸ್ವರೂಪವನ್ನು ಅರಿಯುವ ಮೊದಲು ಹುಳುವಿನ ಪರಿಚಯ ಅಗತ್ಯ. 1872ರಲ್ಲಿ ಕಲ್ಕತ್ತೆಯಲ್ಲಿ ತಿಮೋತಿ ಲೂಯಿಸ್ ಎಂಬ ವೈದ್ಯರು ಮನುಷ್ಯನ ರಕ್ತದಲ್ಲಿ ಇದರ ಮರಿಗಳನ್ನು ಕಂಡರು. 1876ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಜೋಸೆಫ್ ಬ್ಯಾಂಕ್ರಾಫ್ಟರಿಗೆ ಬೆಳೆದ ಹುಳು ದೊರೆಯಿತು. ಮರುವರ್ಷ ಚೀನದ ಅಮೋಯ್ ಪಟ್ಟಣದಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಮರಿಗಳು ಸೊಳ್ಳೆಯೊಳಗೆ ಬೆಳೆಯುವುದನ್ನು ಗುರುತಿಸಿದರು. ರೋಗವನ್ನು ಹರಡುವಲ್ಲಿ ಕೀಟದ ಪಾತ್ರ ಸ್ಪಷ್ಟವಾದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಮಲೇರಿಯದ ಸೊಳ್ಳೆಯ ಕಥೆ ಬಂದದ್ದು ಇಪ್ಪತ್ತು ವರ್ಷಗಳ ನಂತರ. ಉಚೆರೇರಿಯ ಬ್ಯಾಂಕ್ರಾಫ್ಟಿ ಎಂಬುದು ಈ ಹುಳುವಿನ ಶಾಸ್ತ್ರೀಯ ನಾಮ. ಹೆಣ್ಣುಹುಳು ದಾರದ ಎಳೆಯಂತೆ ತೆಳ್ಳಗಿದ್ದು 80ರಿಂದ 100 ಮಿಲಿಮೀಟರ್ ಉದ್ದವಿರುತ್ತದೆ. ಅದು ವಾಸಿಸುವುದು ರಕ್ತನಾಳದಲ್ಲಲ್ಲ, ದುಗ್ಧರಸ ನಾಳಗಳಲ್ಲಿ. ಅಂಗಾಂಗಗಳಿಂದ ಜಿನುಗಿದ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವ ಈ ನಾಳಗಳ ದಾರಿಯಲ್ಲಿಯೇ, ದೇಹದ ಕಾವಲು ಠಾಣೆಗಳೆನ್ನಬಹುದಾದ ದುಗ್ಧಗ್ರಂಥಿಗಳಿವೆ. ಪರಕೀಯ ವಸ್ತುಗಳನ್ನು ಹಿಡಿದು ವಿಚಾರಿಸುವ ಠಾಣೆಯ ಬಾಗಿಲಲ್ಲಿಯೇ ಈ ಹುಳು ಐದಾರು ವರ್ಷಗಳ ಕಾಲ ಸಂಸಾರ ಹೂಡುತ್ತದೆ ಎಂಬುದು ವಿಸ್ಮಯದ ಸಂಗತಿ.

ಬ್ಯಾಕ್ಟೀರಿಯವೊಂದು ದೇಹವನ್ನು ಹೊಕ್ಕರೆ ಬಿಳಿಯ ರಕ್ತಕಣಗಳಲ್ಲಿನ ಭಕ್ಷಕ ಕಣಗಳು ಅದನ್ನು ನುಂಗಿ ಅರಗಿಸಿಕೊಳ್ಳುತ್ತವೆ. ವೈರಸ್ ಹೊಕ್ಕ ಜೀವಕೋಶವನ್ನು ಬೇರೊಂದು ಬಗೆಯ ಕಣಗಳು ಕೊಂದುಬಿಡುತ್ತವೆ. ಪರೋಪಜೀವಿಗಳ ವಿಷಯದಲ್ಲಿ ಈ ಎರಡು ಉಪಾಯಗಳೂ ಸಾಲುವುದಿಲ್ಲ. ಅವುಗಳಲ್ಲಿ ಏಕಕೋಶಜೀವಿಗಳಾದವು ಚಾತುರ್ಯದಿಂದ ಬದುಕುತ್ತವೆ: ಆಫ್ರಿಕದ ನಿದ್ರಾರೋಗದ ಜೀವಿ ತನ್ನ ಹೊರಕವಚವನ್ನು ಮತ್ತೆ ಮತ್ತೆ ಬದಲಿಸುತ್ತದೆ, ಕಾಳಾಜಾರದ ಜೀವಿಯಂತೂ ತನ್ನನ್ನು ನುಂಗಬೇಕಾದ ಭಕ್ಷಕ ಕಣದ ಹೊಟ್ಟೆಯಲ್ಲಿಯೇ ಮನೆ ಮಾಡುತ್ತದೆ. ಹುಳುಗಳದು ಬೇರೆಯ ಮಾತು. ಭಕ್ಷಕ ಕಣದ ಅಗಲ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಅದು ಅರ್ಧ ಗೇಣಿಗೆ ಸಮೀಪಿಸುವ ಹುಳುವನ್ನು ನುಂಗುವುದೆಂತು?

ಆದುದರಿಂದ ದೇಹವು ಹುಳುಗಳಿಗಾಗಿಯೇ ಬೇರೊಂದು ಕ್ರಮವನ್ನು ಇರಿಸಿಕೊಂಡಿದೆ. 1879ರಲ್ಲಿ ಜರ್ಮನಿಯ ಪೌಲ್ ಎರ್ಲಿಕ್ ಅವರು ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಬಿಳಿಯ ರಕ್ತಕಣಗಳನ್ನು ವಿವರಿಸಿದರು. ಆ ಬಣ್ಣದ ಹೆಸರಿನಿಂದಲೇ ಅವುಗಳಿಗೆ ಇಯೋಸಿನೋಫಿಲ್ ಎಂದು ಹೆಸರಾಯಿತು. ಜಂತುಬಾಧೆಯಲ್ಲಿ ಇವುಗಳ ಸಂಖ್ಯೆ ಏರುವುದನ್ನು ವೈದ್ಯರು ಬಹುಕಾಲದಿಂದ ಬಲ್ಲವರಾಗಿದ್ದರೂ ಇವು ಅಲ್ಲಿ ಮಾಡುವ ಕೆಲಸ ತಿಳಿದಿರಲಿಲ್ಲ. 1975ರಲ್ಲಿ ಬಟರ್‌ವರ್ತ್ ಮತ್ತು ಅವರ ಸಂಗಡಿಗರು ಶಿಸ್ಟೊಸೋಮ ಎಂಬ ಇನ್ನೊಂದು ಹುಳುವಿನ ಮರಿಗಳ ಮೇಲೆ ಅದನ್ನು ತೋರಿಸಿಕೊಟ್ಟರು. ಮೊದಲು ಪ್ರತಿಕಾಯಗಳು ಮರಿಯ ಮೈಗೆ ಅಂಟಿಕೊಳ್ಳುತ್ತವೆ. ಇಯೋಸಿನೋಫಿಲ್ ಕಣಗಳು ಅವುಗಳನ್ನು ಹಿಡಿಕೆಯಾಗಿಸಿಕೊಂಡು ಮರಿಯನ್ನು ಸುತ್ತುವರಿದು ತಮ್ಮೊಳಗಿನ ವಿಷಕಣಗಳನ್ನು ಅದರ ಮೇಲೆ ಸುರಿಯುತ್ತವೆ. ನುಂಗಲಾರದುದನ್ನು ಹೊರಗಿನಿಂದಲೇ ಸುಡುವ ಉಪಾಯವಿದು. ಹುಳುಗಳ ವಿರುದ್ಧ ಹೆಚ್ಚಾಗಿ ಹುಟ್ಟುವ ಪ್ರತಿಕಾಯಕ್ಕೆ ‘ಐಜಿಇ’ ಎಂದು ಹೆಸರು. 1966–67ರಲ್ಲಿ ಅಮೆರಿಕದಲ್ಲಿದ್ದ ಇಶಿಝಾಕ ದಂಪತಿಗಳೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಅವರೂ ಇದನ್ನು ಪತ್ತೆಹಚ್ಚಿದ್ದು ಜಂತುಗಳ ಅಧ್ಯಯನದಲ್ಲಲ್ಲ. ಇಶಿಝಾಕ ದಂಪತಿಗಳು ಹೂವಿನ ಪರಾಗದ ಒಗ್ಗದಿಕೆಯನ್ನು ಅರಸುತ್ತಿದ್ದರು. ಉಬ್ಬಸ, ತುರಿಕೆ, ಸೀನುಗಳನ್ನು ತಂದೊಡ್ಡುವ ಪ್ರತಿಕಾಯವೂ ಹುಳುವನ್ನು ಎದುರಿಸುವ ಪ್ರತಿಕಾಯವೂ ಒಂದೇ ಎಂಬುದನ್ನು ಮೂರನೆಯ ಮನೆಯ ಕೆಮ್ಮಿನ ಸಲುವಾಗಿ ನೆನಪಿನಲ್ಲಿಡಬೇಕು.

ಇಷ್ಟು ಸಿದ್ಧತೆಯಿದ್ದರೂ ಎರಡನೆಯ ಮನೆಯ ಯುವಕನೊಳಗೆ ಹುಳುಗಳು ನಿಶ್ಚಿಂತೆಯಿಂದಿವೆ. ಅವನ ದೇಹ ಅವುಗಳನ್ನು ಗುರುತಿಸಿಲ್ಲವೆಂದಲ್ಲ. ಗುರುತಿಸಿಯೂ ಸುಮ್ಮನಿದೆ. ಹುಳು ಸ್ರವಿಸುವ ದ್ರವ್ಯಗಳ ಪ್ರಭಾವದಿಂದ, ರಕ್ಷಣಾ ಕಣಗಳ ರೋಷವನ್ನು ತಗ್ಗಿಸುವ ನಿಯಂತ್ರಕ ಕಣಗಳು ಬಲಗೊಳ್ಳುತ್ತವೆ. ಐಜಿಇಯ ಬದಲು ‘ಐಜಿಜಿ4’ ಎಂಬ ಸೌಮ್ಯ ಪ್ರತಿಕಾಯ ಹೇರಳವಾಗಿ ಹುಟ್ಟುತ್ತದೆ. ಅದು ಹುಳುವಿನ ಪ್ರತಿಜನಕಗಳಿಗೆ ಅಂಟಿಕೊಂಡು ಐಜಿಇಗೆ ಎಡೆಗೊಡುವುದಿಲ್ಲ, ತಾನೂ ಕಾದಾಡುವುದಿಲ್ಲ. ಇದು ಹುಳುವಿಗೆ ಲಾಭ. ಸ್ವಲ್ಪಮಟ್ಟಿಗೆ ಮನುಷ್ಯನಿಗೂ ಲಾಭ, ಏಕೆಂದರೆ ಅವನ ನಾಳಗಳು ಹೋರಾಟದ ರಣರಂಗವಾಗದೆ ಉಳಿಯುತ್ತವೆ. ಪೂರ್ಣ ಲಾಭವೆನ್ನಲಾಗದು. 1994ರಲ್ಲಿ ಬ್ರೆಜಿಲಿನ ವೈದ್ಯರು ಇಂಥ ಆರೋಗ್ಯವಂತರನ್ನು ಶ್ರವಣಾತೀತ ಧ್ವನಿತರಂಗಗಳಿಂದ ಪರೀಕ್ಷಿಸಿದಾಗ, ಹಿಗ್ಗಿದ ದುಗ್ಧರಸ ನಾಳಗಳೊಳಗೆ ಜೀವಂತ ಹುಳುಗಳು ಎಡೆಬಿಡದೆ ಕುಣಿಯುತ್ತಿದ್ದುದು ಪರದೆಯ ಮೇಲೆ ಕಂಡಿತು.

ಈ ಸಹನೆ ಹುಟ್ಟಿನಿಂದ ಬರುವುದೋ ಅಭ್ಯಾಸದಿಂದ ಬರುವುದೋ? ಎರಡನೆಯ ಮಹಾಯುದ್ಧ ಇದಕ್ಕೊಂದು ಉತ್ತರವನ್ನು ಅನಿರೀಕ್ಷಿತವಾಗಿ ಒದಗಿಸಿತು. ಆನೆಕಾಲು ಮನೆಮಾತಾಗಿದ್ದ ದಕ್ಷಿಣ ಪೆಸಿಫಿಕ್ ದ್ವೀಪಗಳಿಗೆ ಬಂದಿಳಿದ ಅಮೆರಿಕದ ಸೈನಿಕರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು. ಕೆಲವೇ ತಿಂಗಳುಗಳಲ್ಲಿ ಅವರ ತೋಳು, ತೊಡೆಸಂದು, ವೃಷಣಗಳು ಕೆಂಪಾಗಿ ಊದಿ ನೋಯತೊಡಗಿದವು. ಆದರೆ ರಕ್ತದಲ್ಲಿ ಮರಿಹುಳು ಕಾಣಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅದೇ ದ್ವೀಪಗಳಲ್ಲಿ ಹುಟ್ಟಿದವರಲ್ಲಿ ಮರಿಹುಳುಗಳು ಯಥೇಚ್ಛ, ನೋವು ವಿರಳ. ಹೊಸಬರ ದೇಹ ಹುಳುವನ್ನು ಕಂಡೊಡನೆ ಸಿಡಿದೆದ್ದಿತು, ಹಳಬರ ದೇಹ ಅದರೊಡನೆ ಒಪ್ಪಂದ ಮಾಡಿಕೊಂಡಿತ್ತು. ಈ ಒಪ್ಪಂದಕ್ಕೆ ಅಂಕುರಾರ್ಪಣೆ ತಾಯಿಯ ಗರ್ಭದಲ್ಲಿಯೇ ಆಗಬಹುದೆಂಬುದು ಕುಕ್ ದ್ವೀಪಗಳ ಅಧ್ಯಯನವೊಂದರಿಂದ 1994ರಲ್ಲಿ ತಿಳಿದುಬಂದಿತು. ಗರ್ಭಿಣಿಯರಾಗಿದ್ದಾಗ ರಕ್ತದಲ್ಲಿ ಮರಿಹುಳುಗಳಿದ್ದ ತಾಯಂದಿರ ಮಕ್ಕಳು ಹದಿಹರೆಯ ದಾಟುವ ಹೊತ್ತಿಗೂ ಹುಳುವಿನ ಪ್ರತಿಜನಕಗಳಿಗೆ ಮಂದವಾಗಿಯೇ ಪ್ರತಿಕ್ರಿಯಿಸುತ್ತಿದ್ದರು.

ಈಗ ಮೂರನೆಯ ಮನೆಯ ಕೆಮ್ಮು. ಇದನ್ನು 1943ರಲ್ಲಿ ಭಾರತದಲ್ಲಿದ್ದ ವೈನ್‌ಗಾರ್ಟನ್ ಎಂಬ ವೈದ್ಯರು ಪ್ರತ್ಯೇಕ ರೋಗವೆಂದು ವಿವರಿಸಿ ಉಷ್ಣವಲಯದ ಇಯೋಸಿನೋಫೀಲಿಯ ಎಂದು ಕರೆದರು. ಸಾಮಾನ್ಯರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಯೋಸಿನೋಫಿಲ್ ಕಣಗಳು ಐನೂರನ್ನು ಮೀರುವುದಿಲ್ಲ. ಈ ರೋಗಿಗಳಲ್ಲಿ ಅವು 3,000ವನ್ನು ದಾಟುತ್ತವೆ. ಐಜಿಇಯೂ ಅತಿಯಾಗಿ ಏರಿರುತ್ತದೆ. ವಿಚಿತ್ರವೆಂದರೆ ರಾತ್ರಿಯ ರಕ್ತದಲ್ಲಿ ಎಷ್ಟು ಹುಡುಕಿದರೂ ಮರಿಹುಳು ಸಿಕ್ಕುವುದಿಲ್ಲ. ಅವೆಲ್ಲಿ ಹೋದವೆಂಬುದಕ್ಕೆ 1960ರಲ್ಲಿ ವೇಲೂರಿನ ವೈದ್ಯರು ಉತ್ತರ ಕೊಟ್ಟರು. ಇಂಥ ರೋಗಿಗಳ ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿಗಳ ತುಣುಕುಗಳಲ್ಲಿ ಅವರಿಗೆ ಮರಿಹುಳುಗಳು ಕಂಡುಬಂದವು. ಹಗಲಿನಲ್ಲಿ ಮರಿಹುಳುಗಳು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಅಡಗಿರುವುದು ವಾಡಿಕೆ. ಈ ರೋಗಿಯ ದೇಹ ಅಲ್ಲಿಯೇ ಅವುಗಳನ್ನು ಬಿಡದೆ ಹಿಡಿದು ಕೊಲ್ಲುತ್ತದೆ. ಮರಿಹುಳುಗಳ ಮೇಲೆ ದೇಹಕ್ಕೆ ದೊರೆತ ಜಯವೆಂದರೆ ಇದೇ. ಆದರೆ ಆ ಜಯದ ಬೆಲೆ ಉಬ್ಬಸ, ನಿದ್ರಾಭಂಗ, ಚಿಕಿತ್ಸೆಯಿಲ್ಲದೆ ಹೋದರೆ ಗಡುಸಾಗುವ ಶ್ವಾಸಕೋಶ. ದಮ್ಮು ಎಂದೋ ಕ್ಷಯವೆಂದೋ ವರ್ಷಗಟ್ಟಲೆ ತಪ್ಪು ಔಷಧ ಸೇವಿಸುವವರು ಈಗಲೂ ಇದ್ದಾರೆ. ಸರಳವಾದ ರಕ್ತಪರೀಕ್ಷೆಯೊಂದು ಸಂಶಯವನ್ನು ಮೂಡಿಸಲು ಸಾಕು.

ಮೊದಲನೆಯ ಮನೆಯ ಹಿರಿಯನ ಕಾಲು ಇವೆರಡರ ನಡುವಿನ ದಾರಿ. ಬೆಳೆದ ಹುಳು ನಾಳದಲ್ಲಿ ಸತ್ತಾಗ ಅಲ್ಲಿ ಉರಿಯೂತವೇಳುತ್ತದೆ. ಹುಳುವಿನ ಮೈಯೊಳಗೆ ವೊಲ್‌ಬಾಕಿಯ ಎಂಬ ಬ್ಯಾಕ್ಟೀರಿಯ ವಾಸವಾಗಿದ್ದು, ಹುಳು ಸತ್ತೊಡನೆ ಅದೂ ಹೊರಬಿದ್ದು ಉರಿಯೂತಕ್ಕೆ ತುಪ್ಪ ಸುರಿಯುತ್ತದೆ. ಹೀಗೆ ಪದೇ ಪದೇ ಆಗಿ ನಾಳದ ಕವಾಟಗಳು ಕೆಟ್ಟು ದ್ರವ ಕಾಲಿನಲ್ಲಿ ನಿಲ್ಲುತ್ತದೆ. ನಿಂತ ದ್ರವವಿರುವ ಕಾಲಿನ ಬೆರಳ ಸಂದಿಯ ಸಣ್ಣ ಬಿರುಕಿನಿಂದ ಸಾಮಾನ್ಯ ಬ್ಯಾಕ್ಟೀರಿಯಗಳು ಒಳಹೊಕ್ಕು ಆಗಾಗ ಚಳಿಜ್ವರ ತರುತ್ತವೆ. ಪ್ರತಿ ಜ್ವರವೂ ಕಾಲನ್ನು ಇನ್ನಷ್ಟು ದಪ್ಪವಾಗಿಸುತ್ತದೆ. ಆ ವೇಳೆಗೆ ಎಷ್ಟೋ ಬಾರಿ ಹುಳುವೇ ಉಳಿದಿರುವುದಿಲ್ಲ. ಆದುದರಿಂದಲೇ ಹುಳುವಿನ ಔಷಧದಿಂದ ಊದಿದ ಕಾಲು ಇಳಿಯಲಿಲ್ಲವೆಂದು ನಿರಾಶರಾಗುವುದು ಸಲ್ಲದು. ಪ್ರತಿದಿನ ಸಾಬೂನು ನೀರಿನಿಂದ ಕಾಲನ್ನು ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಕುಳಿತಾಗ ಮೇಲಕ್ಕೆತ್ತಿ ಇಡುವ ಶುಶ್ರೂಷೆಯಿಂದ ಜ್ವರದ ಸರದಿ ಕಡಿಮೆಯಾಗುತ್ತದೆ.

1947ರಿಂದ ಬಳಕೆಗೆ ಬಂದ ಡಿಇಸಿ ಮಾತ್ರೆಯೂ ದೇಹದ ಕಾವಲನ್ನೇ ನಂಬಿದ ಔಷಧ. ಗಾಜಿನ ನಳಿಕೆಯಲ್ಲಿ ಮರಿಹುಳುಗಳ ಮೇಲೆ ಸುರಿದರೆ ಅದು ಅವುಗಳನ್ನು ಅಷ್ಟಾಗಿ ಬಾಧಿಸುವುದಿಲ್ಲ. ರಕ್ತದಲ್ಲಾದರೋ ಕೆಲವೇ ಗಂಟೆಗಳಲ್ಲಿ ಅವು ಮಾಯವಾಗುತ್ತವೆ. ಔಷಧದ ದೆಸೆಯಿಂದ ಹುಳುವಿನ ಮರೆ ಕಳಚಿದೊಡನೆ ದೇಹವೇ ಅದನ್ನು ಹಿಡಿಯುತ್ತದೆ. 2004ರಿಂದ ದೇಶದ ರೋಗಪೀಡಿತ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಮಾತ್ರೆ ಕೊಡುವ ಯೋಜನೆ ನಡೆದುಬಂದಿದೆ. ಡಿಇಸಿ, ಆಲ್ಬೆಂಡಜೋಲ್, ಐವರ್ಮೆಕ್ಟಿನ್ ಮೂರನ್ನೂ ಕೂಡಿಸಿ ಕೊಡುವ ಕ್ರಮ ದೇಶದಲ್ಲಿ ಮೊದಲು ಆರಂಭವಾದ ಐದು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಎರಡು ವರ್ಷದೊಳಗಿನ ಕೂಸುಗಳು, ಗರ್ಭಿಣಿಯರು, ತೀವ್ರ ರೋಗಿಗಳು ಇದಕ್ಕೆ ಹೊರತು. ಆದರೆ ಮಾತ್ರೆಯನ್ನು ಕೈಯಲ್ಲಿ ಪಡೆದು ನುಂಗದೆ ಎಸೆಯುವವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ನೆರೆಯವನು ಮಾತ್ರೆ ನುಂಗಿದ ರಾತ್ರಿ ಅವನಿಗೆ ಜ್ವರ, ತಲೆನೋವು, ಮೈಕೈ ನೋವು ಬಂದುದನ್ನು ಅವರು ಕಂಡಿರುತ್ತಾರೆ. ಚೆನ್ನಾಗಿದ್ದವನನ್ನು ಮಾತ್ರೆ ಮಲಗಿಸಿತೆಂದು ಅಂಜುತ್ತಾರೆ. ಹುಳುವಿಲ್ಲದವರಲ್ಲಿ ಈ ಮಾತ್ರೆ ಬಹುಮಟ್ಟಿಗೆ ಇಂಥ ಜ್ವರವನ್ನು ತರುವುದಿಲ್ಲ. ಚೆನ್ನಾಗಿದ್ದನೆಂದು ತೋರಿದ ಆ ನೆರೆಯವನು ವಾಸ್ತವವಾಗಿ ಎರಡನೆಯ ಮನೆಯ ಯುವಕನಂಥವನು. ಅವನ ರಕ್ತದಲ್ಲಿ ಸಾವಿರಾರು ಮರಿಹುಳುಗಳು ಒಮ್ಮೆಗೇ ಸತ್ತು ಚೂರಾಗುತ್ತಿರುವುದರ ಗುರುತು ಆ ಜ್ವರ. ಈ ಸಂಗತಿಯನ್ನು ಮಾತ್ರೆ ಕೊಡುವ ಮೊದಲೇ ಮನೆಮನೆಗೆ ತಿಳಿಸಬೇಕಾದವರು ಆರೋಗ್ಯ ಕಾರ್ಯಕರ್ತರು ಮಾತ್ರವಲ್ಲ, ಊರಿನ ಶಾಲೆಯ ಶಿಕ್ಷಕರೂ ಹೌದು. ಜ್ವರ ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಮರುವರ್ಷ ಅದೇ ಯುವಕ ಮತ್ತೆ ಮಾತ್ರೆ ನುಂಗಿದಾಗ ಸಾಯಲು ಅಷ್ಟು ಹುಳುಗಳು ಉಳಿದಿರುವುದಿಲ್ಲವಾದ್ದರಿಂದ, ಜ್ವರವೂ ಸಾಮಾನ್ಯವಾಗಿ ಕಡಿಮೆಯಾಗಿರುತ್ತದೆ.