ಮಳೆಗಾಲದ ಮುನ್ನ ಮನೆಯ ಲೆಕ್ಕ

ಮೇ ತಿಂಗಳು ಮುಗಿಯುತ್ತ ಬಂದಂತೆ, ಆಕಾಶದಲ್ಲಿ ಕಾರ್ಮೋಡದ ಸುಳಿವು ಇನ್ನೂ ಕಾಣದಿದ್ದರೂ, ಮಡಗಾಂವದ ಹೋಲಿ ಸ್ಪಿರಿಟ್ ಇಗರ್ಜಿಯ ಸುತ್ತಲಿನ ಬೀದಿಗಳಲ್ಲಿ ಒಣಮೀನು, ಒಣಮೆಣಸಿನಕಾಯಿ, ಹುಣಸೆಹಣ್ಣು, ಕೋಕಂ ಸಿಪ್ಪೆ, ಹರಳುಪ್ಪು, ತೆಂಗಿನ ಬೆಲ್ಲ, ಚಾಪೆ, ಮಣ್ಣಿನ ಗಡಿಗೆ ಇವೆಲ್ಲವೂ ರಾಶಿರಾಶಿಯಾಗಿ ಬಂದು ಬೀಳತೊಡಗುತ್ತವೆ. ಈಸ್ಟರ್ ಹಬ್ಬದಿಂದ ಐವತ್ತನೆಯ ದಿನಕ್ಕೆ ಬರುವ ಈ ಜಾತ್ರೆಯನ್ನು ಗೋವೆಯ ಜನ ‘ಪುರುಮೆಂತಾಚೆಂ ಫೆಸ್ತ್’ ಎನ್ನುವರು. ಅಂದರೆ ಮಳೆಗಾಲಕ್ಕೆ ಬೇಕಾದ ಸಾಮಗ್ರಿಯನ್ನು ಮನೆ ತುಂಬಿಕೊಳ್ಳುವ ಹಬ್ಬ. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲಿಯೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಸುರಿದುಹೋಗುವ ಈ ನಾಡಿನಲ್ಲಿ, ಹೊಳೆಗಳಿಗೆ ಸೇತುವೆಗಳಿಲ್ಲದ ಕಾಲದಲ್ಲಿ, ಹೀಗೆ ಸಂಗ್ರಹಿಸದ ಮನೆಗೆ ಅನ್ನವೇ ಇರುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಈಗ ಸೇತುವೆಗಳಾಗಿವೆ, ಓಣಿಗೊಂದು ದಿನಸಿ ಅಂಗಡಿಯಿದೆ, ಕೈಯೊಳಗಿನ ಮೊಬೈಲಿನಿಂದ ಅರ್ಧ ಗಂಟೆಯಲ್ಲಿ ಬೇಳೆ ಬಾಗಿಲಿಗೆ ಬರುತ್ತದೆ. ಆದರೂ ಜಾತ್ರೆ ನಿಂತಿಲ್ಲ.

ಇದನ್ನು ಹಳೆಯ ಕಾಲದ ಮೇಲಿನ ಮಮತೆಯೆಂದು ಬಗೆದು ಮುಗುಳ್ನಗುವವರುಂಟು. ನಾನು ಹಾಗೆಣಿಸುವುದಿಲ್ಲ. ಆದರೆ ಈ ಪದ್ಧತಿಯಲ್ಲಿ ನಾನು ಮೆಚ್ಚುವ ಅಂಶ ಕೊಳ್ಳುವುದರಲ್ಲಿಲ್ಲ. ಜಾತ್ರೆಗೆ ಮುಂಚಿನ ವಾರ ಇಲ್ಲಿನ ಹಳೆಯ ಮನೆಗಳ ಅಂಗಳದಲ್ಲಿ ನಡೆಯುವ ಕಾರ್ಯದಲ್ಲಿದೆ. ಜಾಡಿಗಳೆಲ್ಲ ಹೊರಗೆ ಬರುತ್ತವೆ. ಕಳೆದ ವರ್ಷದ ಉಪ್ಪು, ಹುಣಸೆ, ಮೆಣಸು ಎಷ್ಟು ಉಳಿದಿದೆಯೆಂದು ಮನೆಯೊಡತಿ ಕೈಯಿಂದಲೇ ತೂಗಿ ನೋಡುತ್ತಾಳೆ. ಜಾಡಿಗಳನ್ನು ತೊಳೆದು ಬಿಸಿಲಿಗಿಟ್ಟು, ಬರಿದಾದುದೆಷ್ಟೋ ಅಷ್ಟನ್ನೇ ತರಲು ಹೊರಡುತ್ತಾಳೆ. ಮನೆಯಲ್ಲಿ ಏನಿದೆಯೆಂಬುದನ್ನು ಅರಿಯದವನು ಎಷ್ಟು ಅಗ್ಗವಾಗಿ ಕೊಂಡರೂ ಅವನದು ಅಪವ್ಯಯವೇ ಎಂಬ ಅರ್ಥಶಾಸ್ತ್ರದ ಮೊದಲ ಪಾಠವನ್ನು ಈ ಹೆಂಗಸರು ಯಾವ ಪುಸ್ತಕವನ್ನೂ ಓದದೆ ಆಚರಿಸಿಕೊಂಡು ಬಂದಿದ್ದಾರೆ.

ನಾನು ಧಾರವಾಡದ ಕಡೆಯಿಂದ ಬಂದವಳು. ನಮ್ಮ ಬಯಲುಸೀಮೆಯಲ್ಲಿ ಸಂಗ್ರಹಕ್ಕೆ ಕಾರಣ ಮಳೆಯಲ್ಲ, ಬರ. ಆದುದರಿಂದ ಅಲ್ಲಿಯವರು ನೆಲವನ್ನು ಅಗೆದು ಹಗೇವು ಮಾಡಿ ಜೋಳವನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದರು. ನನ್ನ ಮಾವನವರು ಹುಬ್ಬಳ್ಳಿಯ ಒಂದು ಅರಳೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರಾದುದರಿಂದ, ಮನೆಯಲ್ಲಿಯೂ ಕಿರ್ದಿ, ಖತಾವಣಿ ಎಂದು ಎರಡು ಪುಸ್ತಕಗಳನ್ನು ಇಟ್ಟಿದ್ದರು. ಆ ದಿನದ ಜಮಾಖರ್ಚು ಒಂದರಲ್ಲಿ, ಯಾರಿಗೆ ಉದ್ರಿ, ಯಾರಿಂದ ಬಾಕಿ ಎಂಬುದು ಇನ್ನೊಂದರಲ್ಲಿ. ಅತ್ತೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಪೇಟೆಗೆ ಹೊರಟ ಸೊಸೆಯನ್ನು ಬಾಗಿಲಲ್ಲಿಯೇ ನಿಲ್ಲಿಸಿ, “ತರೂಕಿಂತ ಮೊದಲ ಡಬ್ಬಿ ತಗದು ನೋಡವಾ, ಇದ್ದದ್ದನ್ನ ಮತ್ತ ತರಬ್ಯಾಡ,” ಎಂದು ಅವರು ಹೇಳುತ್ತಿದ್ದ ಮಾತು, ಮಾವನವರ ಎರಡೂ ಪುಸ್ತಕಗಳಿಗಿಂತ ನಮ್ಮ ಸಂಸಾರಕ್ಕೆ ಹೆಚ್ಚು ಹಣ ಉಳಿಸಿದೆಯೆಂದು ನನ್ನ ನಂಬಿಕೆ. ಖರ್ಚಾದ ಹಣವನ್ನು ಬರೆದಿಡುವ ಜನ ಬೇಕಾದಷ್ಟಿದ್ದಾರೆ. ಆ ಹಣ ವಸ್ತುವಾಗಿ ಮನೆಯೊಳಗೆ ಬಂದ ಮೇಲೆ ಅದರ ಗತಿಯೇನಾಯಿತೆಂದು ಬರೆದಿಡುವವರು ವಿರಳ.

ಮಡಗಾಂವದಲ್ಲಿ ಫ್ಲ್ಯಾಟು ಕೊಳ್ಳುವಾಗ ಈ ವಿಷಯ ನನಗೆ ಇನ್ನೊಂದು ಬಗೆಯಲ್ಲಿ ವಿಶದವಾಯಿತು. ನಮ್ಮ ಕಡೆ ಮನೆಯನ್ನು ಚದರ ಅಡಿಯಲ್ಲಿ ಅಳೆದರೆ ಗೋವೆಯಲ್ಲಿ ಚದರ ಮೀಟರಿನಲ್ಲಿ ಅಳೆಯುವುದು ರೂಢಿ. ಒಂದು ಚದರ ಮೀಟರೆಂದರೆ ಹತ್ತು ಚದರ ಅಡಿಗೂ ಮಿಗಿಲಾದುದರಿಂದ, ಪ್ರತಿ ಚದರ ಮೀಟರಿನ ಬೆಲೆ ಕಣ್ಣಿಗೆ ರಾಚುವಂತೆ ಕಾಣುತ್ತದೆ. ಹಾಗೆ ಕಾಣುವುದು ಒಳ್ಳೆಯದೇ. ಮನೆಯ ಬೆಲೆ ಚದರ ಮೀಟರಿಗೆ 60,000 ರೂಪಾಯಿ ಎಂದು ಹಿಡಿಯೋಣ. ‘ಬೇಕಾದೀತು’ ಎಂದು ಇಟ್ಟುಕೊಂಡ ಸಾಮಾನುಗಳು, ಕೆಟ್ಟ ಮಿಕ್ಸರು, ಬಾಗಿದ ಮಂಚದ ಕಾಲು, ಮಕ್ಕಳ ಶಾಲೆಯ ಪುಸ್ತಕ, ಖಾಲಿ ರಟ್ಟಿನ ಡಬ್ಬಿಗಳು ಎಲ್ಲವೂ ಸೇರಿ ನಾಲ್ಕು ಚದರ ಮೀಟರು ನೆಲವನ್ನು ಆಕ್ರಮಿಸಿದರೆ, ಅವುಗಳು ಕುಳಿತ ಜಾಗದ ಬೆಲೆ 2,40,000 ರೂಪಾಯಿ. ಆ ಹಣ ನೂರಕ್ಕೆ ಏಳರ ಬಡ್ಡಿಯಲ್ಲಿ ಠೇವಣಿಯಾಗಿದ್ದರೆ ವರ್ಷಕ್ಕೆ 16,800, ತಿಂಗಳಿಗೆ 1,400 ರೂಪಾಯಿ ಬರುತ್ತಿತ್ತು. ಕೆಟ್ಟ ಮಿಕ್ಸರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಗೃಹಸ್ಥನನ್ನು ನಾವು ಹುಚ್ಚನೆನ್ನುವೆವು. ಆದರೆ ಹಾಗೆ ಕಟ್ಟದ ಮನೆಯನ್ನು ನಾನು ಇನ್ನೂ ನೋಡಬೇಕಾಗಿದೆ.

ಇಷ್ಟಕ್ಕೇ ಮುಗಿಯದು. ಬಯಲುಸೀಮೆಯಲ್ಲಿ ಅಟ್ಟದ ಮೇಲೆ ಹಾಕಿದ ವಸ್ತು ಧೂಳು ಹಿಡಿದು ಸುಮ್ಮನಿರುತ್ತದೆ. ಗೋವೆಯಲ್ಲಿ ಅದು ಸುಮ್ಮನಿರುವುದಿಲ್ಲ, ಜುಲೈ ಬರುವಷ್ಟರಲ್ಲಿ ಬೂಷ್ಟು ಹಿಡಿದು, ತನ್ನ ಪಕ್ಕದ ವಸ್ತುವಿಗೂ ಅದನ್ನು ಹಂಚುತ್ತದೆ. ಚರ್ಮದ ಚೀಲ, ರೇಷ್ಮೆ ಸೀರೆ, ಪುಸ್ತಕದ ರಟ್ಟು ಯಾವುದಕ್ಕೂ ವಿನಾಯತಿಯಿಲ್ಲ. ಆದುದರಿಂದ ಕರಾವಳಿಯ ಅನೇಕ ಮನೆಗಳಲ್ಲಿ ಬಟ್ಟೆಯ ಕಪಾಟಿನೊಳಗೆ ಒಂದು ಸಣ್ಣ ಬಲ್ಬನ್ನು ಹಗಲಿರುಳೂ ಉರಿಸಿಡುವರು. ಅದರ ಶಾಖಕ್ಕೆ ಒಳಗಿನ ತೇವ ಆರುತ್ತದೆ. (ಈಗಿನ ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಒದಗದು; ಅದು ಬೆಳಕು ಕೊಡುವುದರಲ್ಲಿ ಜಾಣ, ಶಾಖ ಕೊಡುವುದರಲ್ಲಿ ಜಿಪುಣ. ತಂತಿಯ ಹಳೆಯ ಬಲ್ಬಿಗೆ ಅಂಗಡಿ ಅಂಗಡಿ ಅಲೆಯಬೇಕಾಗಿದೆ.) ಹದಿನೈದು ವಾಟಿನ ಬಲ್ಬು ಮಳೆಗಾಲದ ನಾಲ್ಕು ತಿಂಗಳು ಎಡೆಬಿಡದೆ ಉರಿದರೆ ಸುಮಾರು 44 ಯೂನಿಟು ವಿದ್ಯುತ್ತು ಬೇಕು. ಒಂದು ಕಪಾಟಿಗೆ ಇದು ದೊಡ್ಡ ಮೊತ್ತವಲ್ಲ. ಮೂರು ಕಪಾಟುಗಳಿದ್ದು, ಅವುಗಳಲ್ಲಿ ಎರಡರೊಳಗಿನ ಬಟ್ಟೆಯನ್ನು ಯಾರೂ ಉಡುವುದಿಲ್ಲವಾದರೆ ಮಾತ್ರ, ಯಾರ ಸುಖಕ್ಕಾಗಿ ಈ ದೀಪಾರಾಧನೆಯೆಂದು ಕೇಳಬೇಕಾಗುತ್ತದೆ. ನಮ್ಮ ಮನೆಯಲ್ಲಿ ಈಗ ಒಂದೇ ಕಪಾಟಿಗೆ ದೀಪವುಂಟು. ಆ ಶಾಖದಲ್ಲಿ ಹಿಡಿಯುವಷ್ಟೇ ಬಟ್ಟೆ ಇರತಕ್ಕುದೆಂಬುದು ನಿಯಮ, ಉಳಿದುದು ಮೇ ತಿಂಗಳಲ್ಲಿ ಉಡುವವರ ಮನೆಗೆ ಹೋಗುತ್ತದೆ. ಇದನ್ನು ಮಗಳು ಒಪ್ಪಿದಳು, ಯಜಮಾನರು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ.

ಹಾಗಾದರೆ ನಾಲ್ಕು ತಿಂಗಳ ದಿನಸಿಯನ್ನು ಒಮ್ಮೆಗೇ ತರುವುದು ವಿವೇಕವೇ ಎಂದು ಓದುಗರು ಕೇಳಬಹುದು. ಹಣ ಅಷ್ಟು ಕಾಲ ಡಬ್ಬಿಯಲ್ಲಿ ಕಟ್ಟಿಬೀಳುವುದಲ್ಲವೆ? ಲೆಕ್ಕ ಹಾಕಿ ನೋಡೋಣ. 6,000 ರೂಪಾಯಿಯ ಸಾಮಗ್ರಿಯನ್ನು ಮೇ ಕೊನೆಗೆ ತಂದು ನಾಲ್ಕು ತಿಂಗಳು ಸಮನಾಗಿ ಬಳಸಿದರೆ, ಸರಾಸರಿಯಲ್ಲಿ ಕಟ್ಟಿಬಿದ್ದ ಹಣ ಅದರ ಅರ್ಧ, ಅಂದರೆ 3,000. ನೂರಕ್ಕೆ ಏಳರಂತೆ ನಾಲ್ಕು ತಿಂಗಳಿಗೆ ಅದರ ಬಡ್ಡಿ 70 ರೂಪಾಯಿ. ಎಷ್ಟು ಕ್ಷುದ್ರವಾದ ಮೊತ್ತ! ಸಂಗ್ರಹದ ನಿಜವಾದ ವೆಚ್ಚ ಬಡ್ಡಿಯಲ್ಲ, ಹುಳ ಮತ್ತು ಬೂಷ್ಟು. ಒಂದು ಚೀಲ ಬೇಳೆ ಕೆಟ್ಟರೆ ಹತ್ತು ವರ್ಷದ ಬಡ್ಡಿ ಅದರೊಡನೆ ಹೋಯಿತು. ಆದುದರಿಂದ ನಾನು ಕೆಡುವ ಸ್ವಭಾವವನ್ನು ನೋಡಿ ವಿಂಗಡಿಸುತ್ತೇನೆ. ಉಪ್ಪು, ಹುಣಸೆ, ಕೋಕಂ, ಬೆಲ್ಲ, ಅಕ್ಕಿ, ಚೆನ್ನಾಗಿ ಬಿಸಿಲು ಕಂಡ ಬ್ಯಾಡಗಿ ಮೆಣಸಿನಕಾಯಿ ಇವು ಮಳೆಗಾಲವನ್ನು ದಾಟುತ್ತವೆ. ಬೇಳೆಗೆ ಬಿಗಿಯಾದ ಮುಚ್ಚಳ ಬೇಕು, ಅದೂ ಎರಡು ತಿಂಗಳಿಗೆ ಸಾಕಾಗುವಷ್ಟೇ. ರವೆ, ಜೋಳದ ಹಿಟ್ಟು, ಶೇಂಗಾ ಇವುಗಳನ್ನು ವಾರವಾರಕ್ಕೆ ತರುವುದೇ ಲೇಸು. ಜೋಳದ ಹಿಟ್ಟು ಇಲ್ಲಿಯ ಹವೆಯಲ್ಲಿ ಬೇಗನೆ ಕಹಿಯಾಗುವುದೆಂಬುದನ್ನು ರೊಟ್ಟಿ ಬಡಿಯುವ ಪ್ರತಿಯೊಬ್ಬ ಹೆಂಗಸೂ ಬಲ್ಲಳು. ‘ಎರಡು ಕೊಂಡರೆ ಒಂದು ಉಚಿತ’ ಎಂಬ ಫಲಕದ ಕೆಳಗೆ ಇಡುವುದು ಬಹುತೇಕ ಈ ಮೂರನೆಯ ಗುಂಪಿನ ಪದಾರ್ಥಗಳನ್ನೇ. ಅಂಗಡಿಯವನಿಗೂ ಅವು ಕೆಡುತ್ತವೆಂಬುದು ಗೊತ್ತು.

ಭಯದಿಂದಲೂ ಜನ ಸಂಗ್ರಹಿಸುವುದುಂಟು. ಗೋವೆಗೆ ತರಕಾರಿ ಬರುವುದು ಹೆಚ್ಚಾಗಿ ಬೆಳಗಾವಿಯಿಂದ, ಘಟ್ಟ ಇಳಿದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆರಂಭವಾದಾಗ ಲಾರಿಗಳು ಗಡಿಯಲ್ಲಿ ನಿಂತವು, ಮೊದಲ ಕೆಲವು ದಿನ ಇಲ್ಲಿ ದಿನಸಿ ಅಂಗಡಿಗಳೂ ಮುಚ್ಚಿದ್ದವು. ಆಗ ಹೆದರಿ ಮನೆ ತುಂಬಿಕೊಂಡ ಜನ ಆ ಅಭ್ಯಾಸವನ್ನು ಇಂದಿಗೂ ಬಿಟ್ಟಿಲ್ಲ. ಅದಕ್ಕೂ ಪುರುಮೆಂತಿಗೂ ಸಂಬಂಧವಿಲ್ಲ. ಭಯದಿಂದ ಮಾಡಿದ ಸಂಗ್ರಹಕ್ಕೆ ಅಳತೆಯಿರುವುದಿಲ್ಲ, ಪದ್ಧತಿಯಿಂದ ಮಾಡಿದ ಸಂಗ್ರಹಕ್ಕೆ ಹಳೆಯ ಜಾಡಿಯ ಬಾಯಿಯೇ ಅಳತೆ.

ಮನೆಯನ್ನು ಓರಣಗೊಳಿಸುವ ವಿದ್ಯೆಗೆ ಈಗ ಜಪಾನಿನ ಹೆಸರು. ಅಲ್ಲಿನ ಮರೀ ಕೊಂಡೋ ಎಂಬಾಕೆ ಪ್ರತಿಯೊಂದು ವಸ್ತುವನ್ನೂ ಕೈಗೆತ್ತಿಕೊಂಡು, ಇದು ಮನಸ್ಸಿಗೆ ಆನಂದ ಕೊಡುವುದೋ ಎಂದು ಕೇಳಿಕೊಳ್ಳಲು ಉಪದೇಶಿಸುತ್ತಾಳೆ. ಕುಕ್ಕರಿನ ರಬ್ಬರ್ ಬಳೆಯನ್ನು ಕೈಯಲ್ಲಿ ಹಿಡಿದು ಆನಂದಕ್ಕಾಗಿ ಕಾಯುವ ವ್ಯವಧಾನ ನನಗಿಲ್ಲ. ಅದೇ ದೇಶದಲ್ಲಿ 1904ರಷ್ಟು ಹಿಂದೆಯೇ ಹಾನಿ ಮೋತೋಕೋ ಎಂಬ ಪತ್ರಕರ್ತೆ ಗೃಹಿಣಿಯರಿಗೆಂದು ಆಯವ್ಯಯದ ಪುಸ್ತಕವನ್ನು ಪ್ರಕಟಿಸಿದಳು. ನನ್ನ ಮಾವನವರು ಬದುಕಿದ್ದರೆ ಆಕೆಯನ್ನು ಮೆಚ್ಚುತ್ತಿದ್ದರು. ಹಾಗೆಂದು ಹಳೆಯದೆಲ್ಲ ಕಸವೆಂದು ನಾನು ವಾದಿಸುವವಳಲ್ಲ. ಮಡಗಾಂವಿಗೆ ಹತ್ತಿರದ ಬಾಣಾವಲಿಯಲ್ಲಿ ವಿಕ್ಟರ್ ಹ್ಯೂಗೋ ಗೋಮ್ಸ್ ಎಂಬ ಕಲಾವಿದರು ಕಟ್ಟಿದ ‘ಗೋವಾ ಚಿತ್ರ’ ಸಂಗ್ರಹಾಲಯವನ್ನು ಒಮ್ಮೆ ನೋಡಿದವರಿಗೆ, ಹಳೆಯ ಮನೆಗಳಿಂದ ಹೊರಬಿದ್ದ ನೇಗಿಲು, ಒರಳು, ಅಳತೆಯ ಪಾತ್ರೆಗಳು ಎಂಥ ಗೌರವಕ್ಕೆ ಪಾತ್ರವಾಗಬಲ್ಲವೆಂದು ತಿಳಿಯುವುದು. ಆದರೆ ಅದು ಸಂಗ್ರಹಾಲಯ, ಎರಡು ಕೋಣೆಯ ಫ್ಲ್ಯಾಟಲ್ಲ.

ಸಾಮಾನಿನ ಮಾತು ಇಷ್ಟಾಯಿತು. ಮನೆಯಲ್ಲಿ ಇದಕ್ಕಿಂತ ಕಡಿಮೆ ಜಾಗ ಹಿಡಿದು, ಇದಕ್ಕಿಂತ ಹೆಚ್ಚು ಹಣ ನುಂಗುವುದು ಕಾಗದಪತ್ರ. ನಮ್ಮ ಕೆಳಮನೆಯಲ್ಲಿ ವಾಸವಾಗಿರುವ, ಓಣಿಯವರೆಲ್ಲ ಆಂಟಿ ಎಂದೇ ಕರೆಯುವ ವೃದ್ಧೆಯೊಬ್ಬರು ಗಂಡ ತೀರಿಕೊಂಡ ಮೇಲೆ ಒಂದು ತಗಡಿನ ಪೆಟ್ಟಿಗೆಯನ್ನು ನನ್ನ ಮುಂದೆ ತಂದಿಟ್ಟು, ನೀನು ಲೆಕ್ಕ ಬಲ್ಲವಳು, ನೋಡು ಎಂದರು. ಗೋವೆಯ ನ್ಯಾಯಪದ್ಧತಿಯ ಪರಿಚಯ ನನಗಾದದ್ದು ಆ ಪೆಟ್ಟಿಗೆಯಿಂದ. ಪೋರ್ಚುಗೀಸರ ಕಾಲದಿಂದ ಬಂದ ಇಲ್ಲಿನ ನಾಗರಿಕ ಸಂಹಿತೆಯಂತೆ, ಮದುವೆಗೆ ಮುಂಚೆ ಬೇರೆ ಕರಾರು ಬರೆದುಕೊಳ್ಳದಿದ್ದರೆ ಗಂಡಹೆಂಡಿರ ಆಸ್ತಿಯೆಲ್ಲ ಒಂದೇ ರಾಶಿ. ಅದರಲ್ಲಿ ಅರ್ಧ ಹೆಂಡತಿಯದು, ಗಂಡ ದಯಪಾಲಿಸಿದುದಲ್ಲ, ಆಕೆಯದೇ. ಇದಕ್ಕನುಗುಣವಾಗಿ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯಲ್ಲಿಯೂ 5ಎ ಎಂಬ ಕಲಮು 1994ರಲ್ಲಿ ಸೇರಿತು: ಸಂಬಳವೊಂದನ್ನು ಬಿಟ್ಟು ಬಾಡಿಗೆ, ಬಡ್ಡಿ, ವ್ಯಾಪಾರದ ಲಾಭ ಮುಂತಾದುದನ್ನು ಇಂಥ ದಂಪತಿಗಳು ಸಮನಾಗಿ ಹಂಚಿಕೊಂಡು ಇಬ್ಬರ ಹೆಸರಿನಲ್ಲಿಯೂ ತೋರಿಸತಕ್ಕುದು. ಒಬ್ಬರು ತೀರಿಕೊಂಡ ಮೇಲೆ ಆಸ್ತಿಯ ವಿಭಜನೆಗೆ ನ್ಯಾಯಾಲಯದಲ್ಲಿ ‘ಇನ್ವೆಂಟರಿ’ ಎಂಬ ಕ್ರಮವುಂಟು. ಮನೆ, ತೋಟ, ಠೇವಣಿ, ಒಡವೆ, ಸಾಲ ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಬೇಕು. 2012ರಲ್ಲಿ ರಚಿತವಾಗಿ 2016ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಗೋವೆಯ ಉತ್ತರಾಧಿಕಾರದ ಕಾಯಿದೆಯೂ ಈ ಕ್ರಮವನ್ನು ಉಳಿಸಿಕೊಂಡಿದೆ. ಧಾರವಾಡದಲ್ಲಿ ಮದುವೆಯಾಗಿ ಇಲ್ಲಿಗೆ ಬಂದ ನಮ್ಮಂಥವರಿಗೆ ಈ ನಿಯಮಗಳು ತಾವಾಗಿಯೇ ಅನ್ವಯಿಸುವುದಿಲ್ಲ. ಆದರೂ ಜೀವಂತವಿರುವಾಗಲೇ ಅಂಥ ಒಂದು ಪಟ್ಟಿಯನ್ನು ಬರೆದಿಟ್ಟುಕೊಂಡರೆ ಬೇಡವೆನ್ನುವವರಾರು?

ಚೀಟಿಯೊಂದನ್ನು ಎಷ್ಟು ಕಾಲ ಕಾಪಾಡಬೇಕೆಂಬುದಕ್ಕೆ ಗೋವೆಯ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತವಿದೆ. ಬಾಂಕೋ ನಾಸ್ಯೊನಾಲ್ ಉಲ್ತ್ರಮರೀನೋ ಎಂಬ ಪೋರ್ಚುಗೀಸ್ ಬ್ಯಾಂಕಿನಲ್ಲಿ ಇಲ್ಲಿನ ಜನ ಅಡವಿಟ್ಟಿದ್ದ ಚಿನ್ನದ ಒಡವೆಗಳು 1961ರ ವಿಮೋಚನೆಯ ಹೊತ್ತಿಗೆ ಲಿಸ್ಬನ್ನಿಗೆ ಸಾಗಿಹೋಗಿದ್ದವು. ಅವು ಮರಳಿ ಗೋವೆಯನ್ನು ಕಂಡದ್ದು 1991ರಲ್ಲಿ. ಅಲ್ಲಿಯವರೆಗೆ, ಮೂವತ್ತು ಮಳೆಗಾಲ, ಅಡವಿನ ಚೀಟಿಯೆಂಬ ಒಂದು ಕಾಗದವನ್ನು ಗೆದ್ದಲಿಗೂ ಬೂಷ್ಟಿಗೂ ಕೊಡದೆ ಉಳಿಸುವುದೆಂದರೆ ಸಾಮಾನ್ಯ ಮಾತಲ್ಲ. ನಮ್ಮ ಕಾಲದಲ್ಲಿ ಸಂಕಟದ ರೂಪ ಬೇರೆ: ಹತ್ತು ವರ್ಷ ಮುಟ್ಟದೆ ಬಿಟ್ಟ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿ ಸೇರುತ್ತದೆ. ಅದು ಮುಳುಗುವುದಿಲ್ಲ, ಕೇಳಿದರೆ ದೊರೆಯುತ್ತದೆ; 2023ರ ಆಗಸ್ಟಿನಿಂದ ‘ಉದ್ಗಮ್’ ಎಂಬ ಜಾಲತಾಣದಲ್ಲಿ ಹೆಸರು ಕೊಟ್ಟು ಹುಡುಕಲೂಬಹುದು. ಆಂಟಿಯ ಪೆಟ್ಟಿಗೆಯಲ್ಲಿ ಅಂಥ ಒಂದು ಪಾಸ್‌ಬುಕ್ಕು ಮದುವೆಯ ಕರೆಯೋಲೆಗಳ ಕೆಳಗೆ ಸಿಕ್ಕಿತು.

ಆ ಪೆಟ್ಟಿಗೆ ನೋಡಿದ ಮೇಲೆ ನಮ್ಮ ಮನೆಯ ಕಾಗದಗಳನ್ನೂ ಜಾಡಿಗಳ ವಾರದಲ್ಲಿಯೇ ಬಿಸಿಲಿಗೆ ಹರಡುವುದು ವಾಡಿಕೆಯಾಗಿದೆ. ನಿಂತುಹೋದ ಖಾತೆಗಳನ್ನು ಮುಚ್ಚಿಸಿ ಒಬ್ಬೊಬ್ಬರಿಗೆ ಒಂದೊಂದೇ ಉಳಿತಾಯ ಖಾತೆ, ಇಬ್ಬರಿಗೂ ಸೇರಿ ಒಂದು ಜಂಟಿ ಖಾತೆ ಎಂದು ಇಳಿಸಿದ್ದೇವೆ. ವಿದ್ಯುತ್ತು, ನೀರು, ಗ್ಯಾಸು, ವಿಮೆಯ ಕಂತು ಎಲ್ಲವೂ ಜಂಟಿಯಿಂದಲೇ ಹೋಗುತ್ತವೆ. ಠೇವಣಿಗಳ ಪಟ್ಟಿ ಒಂದೇ ಹಾಳೆಯಲ್ಲಿದೆ, ಮಗಳಿಗೂ ಅದು ಇರುವ ಜಾಗ ಗೊತ್ತು. 2025ರ ನವೆಂಬರ್ ಒಂದರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ; ಈ ಸಲದ ಮೇ ತಿಂಗಳ ಕೆಲಸ ಅದು. ಹೆಸರು ಬರೆಸುವ ಮುನ್ನ, ನಾಮಿನಿಯಾದವನು ಹಣವನ್ನು ಬ್ಯಾಂಕಿನಿಂದ ಪಡೆಯುವವನೇ ಹೊರತು ಅದರ ಒಡೆಯನಲ್ಲವೆಂಬುದನ್ನು ಯಜಮಾನರಿಗೆ ಇನ್ನೊಮ್ಮೆ ತಿಳಿಸಿ ಹೇಳಬೇಕಾಗಿದೆ.