ಹಾಜರಿ ಪಟ್ಟಿಯೂ ಕೈಕಸುಬಿನ ವಿದ್ಯೆಯೂ

(ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ವಿದ್ಯಾರ್ಥಿಗಳಿಗೂ ತಾಯಿತಂದೆಗಳಿಗೂ ಒಂದು ಪಾಠ)

ಹತ್ತನೆಯ ತರಗತಿಯ ಫಲಿತಾಂಶವು ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆಯೊಂದೇ: “ಮುಂದೇನು?” ಕಾಲೇಜಿಗೆ ಹೋಗುವವರ ದಾರಿಯನ್ನು ಎಲ್ಲರೂ ಬಲ್ಲರು. ಕೈಕಸುಬನ್ನು ಶಾಸ್ತ್ರೋಕ್ತವಾಗಿ ಕಲಿಯಬಯಸುವವರ ದಾರಿಯನ್ನು ಬಲ್ಲವರು ಕಡಮೆ. ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐ.ಟಿ.ಐ., ಎಂಬ ಹೆಸರನ್ನು ಕೇಳದವರಿಲ್ಲ. ಆದರೆ ಅಲ್ಲಿ ಸೇರುವ ಕ್ರಮವೇನು, ಸೇರಿದ ಮೇಲೆ ಹಾಜರಿಯ ನಿಯಮವೇನು, ಆ ನಿಯಮ ಅಷ್ಟು ಬಿಗಿಯಾಗಿರಲು ಕಾರಣವೇನು ಎಂಬುದನ್ನು ತಿಳಿಯದೆ ಎಷ್ಟೋ ಮಂದಿ ಬಾಲಕರು ನಡುದಾರಿಯಲ್ಲಿ ನಿಂತುಬಿಡುತ್ತಾರೆ. ಆದುದರಿಂದ ಈ ಮೂರು ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

1. ಹಿನ್ನೆಲೆ

ಕೊಯಮತ್ತೂರು ಸೀಮೆಗೂ ಕನ್ನಡಕ್ಕೂ ಇರುವ ನಂಟು ಹಳೆಯದು. 1799ರವರೆಗೆ ಈ ನಾಡು ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದಿತು. ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರೂ ಒಕ್ಕಲಿಗರೂ ಇಂದಿಗೂ ಇಲ್ಲಿ ನೆಲಸಿದ್ದಾರೆ. ಮಗ್ಗವನ್ನು ಬಲ್ಲ ಜನರಿಗೆ ಕೈಕಸುಬಿನ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಮಗ್ಗದ ವಿದ್ಯೆ ತಂದೆಯಿಂದ ಮಗನಿಗೆ ಮನೆಯಲ್ಲಿಯೇ ಬರುತ್ತಿದ್ದಿತು. ಅದಕ್ಕೆ ದಾಖಲೆಯೂ ಬೇಡ, ಹಾಜರಿಯೂ ಬೇಡ. ಯಂತ್ರದ ವಿದ್ಯೆ ಹಾಗಲ್ಲ.

1888ರಲ್ಲಿ ಕೊಯಮತ್ತೂರಿನಲ್ಲಿ ಮೊದಲ ನೂಲು ಗಿರಣಿ ಸ್ಥಾಪಿತವಾಯಿತು. 1930ರ ದಶಕದಲ್ಲಿ ಪೈಕಾರ ಜಲವಿದ್ಯುತ್ತು ಬಂದ ಮೇಲೆ ಗಿರಣಿಗಳ ಸಂಖ್ಯೆ ಬೆಳೆಯಿತು. ಅವುಗಳ ಬೆನ್ನಿಗೆ ಎರಕದ ಮನೆಗಳೂ ಪಂಪು, ಮೋಟಾರುಗಳ ಕಾರ್ಖಾನೆಗಳೂ ಎದ್ದುವು. ತಿರುಪ್ಪೂರು ಹೆಣಿಗೆ ಉಡುಪಿನ ನಗರವಾಗಿ ಬೆಳೆದು, 2009ರಲ್ಲಿ ಬೇರೆ ಜಿಲ್ಲೆಯೇ ಆಯಿತು. ಇಷ್ಟೊಂದು ಯಂತ್ರಗಳನ್ನು ನಡೆಸಲು, ಕೆಟ್ಟಾಗ ಸರಿಪಡಿಸಲು, ನಿಯಮಬದ್ಧವಾಗಿ ಕಲಿತ ಕೈಗಳು ಬೇಕಾದುವು.

ಭಾರತ ಸರ್ಕಾರವು 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. 1956ರಲ್ಲಿ ಸಂಸ್ಥೆಗಳ ದಿನನಿತ್ಯದ ಆಡಳಿತವನ್ನು ರಾಜ್ಯ ಸರ್ಕಾರಗಳಿಗೆ ವಹಿಸಿತು. ಈ ಕಾರಣದಿಂದಲೇ ಪ್ರವೇಶದ ಏರ್ಪಾಡು ರಾಜ್ಯದ ಕೈಯಲ್ಲಿಯೂ, ಪಠ್ಯಕ್ರಮ ಮತ್ತು ಪರೀಕ್ಷೆ ಇಡೀ ದೇಶಕ್ಕೆ ಒಂದೇ ಕ್ರಮದಲ್ಲಿಯೂ ಇವೆ. ಕೊಯಮತ್ತೂರಿನಲ್ಲಿ ಪಡೆದ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರಕ್ಕೆ ಬೆಂಗಳೂರಿನಲ್ಲಿಯೂ ಭಿಲಾಯಿಯಲ್ಲಿಯೂ ಅದೇ ಬೆಲೆಯುಂಟು.

2. ಸೇರುವ ನಿಯಮಗಳು

ನಮ್ಮ ಎರಡು ಜಿಲ್ಲೆಗಳಲ್ಲಿ ಕೊಯಮತ್ತೂರು, ತಿರುಪ್ಪೂರು, ಉಡುಮಲೈಪೇಟೆ, ಧಾರಾಪುರಂ ಮೊದಲಾದ ಊರುಗಳಲ್ಲಿ ಸರ್ಕಾರಿ ತರಬೇತಿ ಸಂಸ್ಥೆಗಳಿವೆ. ಕೊಯಮತ್ತೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ಬೇರೆ ಸಂಸ್ಥೆಯಿದೆ. ಇವಲ್ಲದೆ ಖಾಸಗಿ ಸಂಸ್ಥೆಗಳೂ ಉಂಟು.

ವಯಸ್ಸು: ಸೇರುವವರಿಗೆ 14 ವರ್ಷ ತುಂಬಿರಬೇಕು. ತಮಿಳುನಾಡಿನ ಈಚಿನ ವರ್ಷಗಳ ಪ್ರಕಟಣೆಗಳಲ್ಲಿ ಗಂಡಸರಿಗೆ 40 ವರ್ಷದ ಮೇಲ್ಮಿತಿಯಿದೆ, ಹೆಂಗಸರಿಗೆ ಮೇಲ್ಮಿತಿಯಿಲ್ಲ. ಮದುವೆಯಾಗಿ ಓದು ನಿಂತುಹೋದ ತಾಯಂದಿರೂ ಈ ಮಾತನ್ನು ಗಮನಿಸಬೇಕು.

ವಿದ್ಯಾರ್ಹತೆ: ಬೆಸುಗೆ, ವಯರ್‌ಮನ್, ಹೊಲಿಗೆ ತಂತ್ರಜ್ಞಾನ ಮೊದಲಾದ ಕಸುಬುಗಳಿಗೆ ಎಂಟನೆಯ ತರಗತಿಯ ತೇರ್ಗಡೆ ಸಾಕು. ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಮೊದಲಾದವುಗಳಿಗೆ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ಬೆಸುಗೆ, ಹೊಲಿಗೆಗಳ ಶಿಕ್ಷಣ ಒಂದು ವರ್ಷದ್ದು. ಫಿಟ್ಟರ್, ಎಲೆಕ್ಟ್ರಿಷಿಯನ್ ಶಿಕ್ಷಣ ಎರಡು ವರ್ಷದ್ದು.

ದಾಖಲೆಗಳು: ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಪ್ರಮಾಣಪತ್ರ, ಆಧಾರ್ ಇವು ಮುಖ್ಯವಾದುವು. ಇಲ್ಲಿ ಕನ್ನಡದ ಮಕ್ಕಳಿಗೆ ವಿಶೇಷವಾದ ತೊಡಕೊಂದುಂಟು. ತಮಿಳು ಲಿಪಿಯಲ್ಲಿ ಕ-ಗಗಳಿಗೆ ಒಂದೇ ಅಕ್ಷರ; ತ-ದಗಳಿಗೂ ಪ-ಬಗಳಿಗೂ ಹಾಗೆಯೇ. ಕನ್ನಡದ ‘ದೇವರಾಜ’ನು ತಮಿಳಿನ ಮೂಲಕ ಇಂಗ್ಲಿಷಿಗೆ ಹೋಗುವಾಗ ‘ತೇವರಾಜ’ನಾಗಬಹುದು, ‘ಬಸವಣ್ಣ’ನು ‘ಪಸವಣ್ಣ’ನಾಗಬಹುದು. ತಂದೆಯ ಹೆಸರಿನ ಮೊದಲ ಅಕ್ಷರವು ಒಂದು ಪತ್ರದಲ್ಲಿ ‘ಗ’ ಎಂದೂ ಇನ್ನೊಂದರಲ್ಲಿ ‘ಕ’ ಎಂದೂ ಬಂದರೆ, ಎರಡೂ ಒಬ್ಬನ ಪತ್ರಗಳೇ ಎಂದು ತೋರಿಸುವ ಹೊರೆ ವಿದ್ಯಾರ್ಥಿಯ ಮೇಲೆ ಬೀಳುತ್ತದೆ. ಶಾಲೆಯನ್ನು ಬಿಡುವ ಮೊದಲೇ ಎಲ್ಲ ಪತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಹೆಸರು ಮತ್ತು ಜನ್ಮದಿನಾಂಕಗಳನ್ನು ಅಕ್ಷರಶಃ ಹೋಲಿಸಿ ನೋಡಬೇಕು. ತಪ್ಪಿದ್ದರೆ ಆಗಲೇ ತಿದ್ದಿಸುವುದು ಸುಲಭ. ಪ್ರಮಾಣಪತ್ರ ಅಚ್ಚಾದ ಮೇಲೆ ಬಹು ಕಷ್ಟ.

ಸೌಲಭ್ಯಗಳು: ಸರ್ಕಾರಿ ಸಂಸ್ಥೆಯ ವಿದ್ಯಾರ್ಥಿಗಳಿಗೆ ತಿಂಗಳಿಗೆ 750 ರೂಪಾಯಿ ಸಹಾಯಧನ, ಪಠ್ಯಪುಸ್ತಕ, ಸಮವಸ್ತ್ರ, ಸೈಕಲ್ಲು, ಬಸ್ಸಿನ ಪಾಸು ಮೊದಲಾದುವನ್ನು ಈಚಿನ ವರ್ಷಗಳಲ್ಲಿ ಕೊಡುತ್ತ ಬಂದಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಓದಿ ಉನ್ನತ ಶಿಕ್ಷಣಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಕೊಡುವ ‘ಪುದುಮೈ ಪೆಣ್’ ಯೋಜನೆ 2022ರಲ್ಲಿ ಆರಂಭವಾಯಿತು. ಗಂಡುಮಕ್ಕಳಿಗಾಗಿ ‘ತಮಿಳ್ ಪುದಲ್ವನ್’ ಯೋಜನೆಯನ್ನು 2024ರ ಆಗಸ್ಟ್ 9ರಂದು ಕೊಯಮತ್ತೂರಿನಲ್ಲಿಯೇ ಆರಂಭಿಸಿದರು. ಅನುದಾನಿತ ಶಾಲೆಗಳ ವಿಷಯದಲ್ಲಿ ಈ ಆದೇಶಗಳು ತಮಿಳು ಮಾಧ್ಯಮವನ್ನು ಹೆಸರಿಸುತ್ತವೆ. ಆದಕಾರಣ ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಹಣವನ್ನು ನಂಬಿ ಲೆಕ್ಕ ಹಾಕುವ ಮುನ್ನ ಸಂಸ್ಥೆಯ ಕಛೇರಿಯಲ್ಲಿ ತಮ್ಮ ಅರ್ಹತೆಯನ್ನು ಕೇಳಿ ತಿಳಿಯತಕ್ಕದ್ದು.

3. ಹಾಜರಿಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಕುಳಿತುಕೊಳ್ಳಲು ವಿದ್ಯಾರ್ಥಿಯು ನೂರಕ್ಕೆ 80ರಷ್ಟು ಹಾಜರಿಯನ್ನು ಪಡೆದಿರಬೇಕು. ಇದು ಕೇಳುವುದಕ್ಕೆ ಸುಲಭ. ಆದರೆ ಲೆಕ್ಕ ಹಾಕಿ ನೋಡದವನು ಮೋಸಹೋಗುತ್ತಾನೆ.

2022ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದಂತೆ ವರ್ಷಕ್ಕೆ 1200 ಗಂಟೆಗಳ ಶಿಕ್ಷಣ. ದಿನಕ್ಕೆ 6 ಗಂಟೆಯೆಂದು ಇಟ್ಟುಕೊಂಡರೆ 200 ದಿನಗಳಾದುವು. ಅದರಲ್ಲಿ 80ರ ಪಾಲು 160 ದಿನ. ತಪ್ಪಬಹುದಾದುದು ಹೆಚ್ಚೆಂದರೆ 40 ದಿನ. “ಓಹೋ, ನಲವತ್ತು ದಿನ!” ಎಂದು ಹಿಗ್ಗುವ ಬಾಲಕನು ಹೀಗೆ ಯೋಚಿಸಲಿ. ವಾರಕ್ಕೆ ಐದು ದಿನದ ಲೆಕ್ಕದಲ್ಲಿ 200 ದಿನಗಳೆಂದರೆ 40 ವಾರಗಳು. ವಾರಕ್ಕೆ ಒಂದೇ ಒಂದು ದಿನ, ಉದಾಹರಣೆಗೆ ಪ್ರತಿ ಸೋಮವಾರ, ತಪ್ಪಿಸಿಕೊಂಡರೂ ನಲವತ್ತೂ ಮುಗಿದುವು. ಆಮೇಲೆ ಜ್ವರ ಬಂದರೆ, ಮನೆಯಲ್ಲಿ ಮದುವೆಯಾದರೆ, ಮಳೆಯಲ್ಲಿ ಘಟ್ಟದ ದಾರಿ ಕಟ್ಟಿದರೆ, ಒಂದು ದಿನವೂ ಕೈಯಲ್ಲಿರುವುದಿಲ್ಲ. ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆ ಉಳಿತಾಯಕ್ಕೆ ಮಾತ್ರವಲ್ಲ, ಗೈರುಹಾಜರಿಗೂ ಸಲ್ಲುತ್ತದೆ.

ಇನ್ನೊಂದು ಸಂಗತಿ. “ಮೊದಲು ಸ್ವಲ್ಪ ಸಡಿಲವಾಗಿದ್ದು, ಕೊನೆಗೆ ಕೂಡಿಸಿಕೊಂಡರಾಯಿತು” ಎಂಬ ಮಾತು ಕೇಳಿಬರುವುದುಂಟು. ಮೊದಲ 100 ದಿನಗಳಲ್ಲಿ 60 ದಿನ ಮಾತ್ರ ಬಂದವನು ಉಳಿದ 100 ದಿನಗಳಲ್ಲಿ ಒಂದನ್ನೂ ಬಿಡದೆ ಬಂದರೆ 160ಕ್ಕೆ ಸರಿಯಾಗಿ ತಲಪುತ್ತಾನೆ. 59 ದಿನ ಬಂದವನು ಆಮೇಲೆ ಎಷ್ಟೇ ಶ್ರಮಪಟ್ಟರೂ ತಲಪಲಾರನು. ವರ್ಷದ ನಡುವಿನಲ್ಲಿಯೇ ಬಾಗಿಲು ಮುಚ್ಚಿರುತ್ತದೆ; ಅವನಿಗೆ ಅದು ತಿಳಿಯುವುದು ಮಾತ್ರ ಪರೀಕ್ಷೆಯ ಹೊತ್ತಿಗೆ.

ಅನಾರೋಗ್ಯವೇ ಮೊದಲಾದ ನಿಜವಾದ ಕಾರಣಗಳಿಗೆ ರಜೆ ಪಡೆಯುವ ಅವಕಾಶ ನಿಯಮಗಳಲ್ಲಿದೆ. ಆದರೆ ಅರ್ಜಿ ಬರೆದು, ವೈದ್ಯರ ಪತ್ರವನ್ನು ಲಗತ್ತಿಸಿ, ಕಾಲಕ್ಕೆ ಸರಿಯಾಗಿ ಒಪ್ಪಿಸಬೇಕು. ತಿಳಿಸದೆ ಬಹುದಿನ ಬಾರದವನ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವುದುಂಟು. ಹೆಸರು ಹೋದೊಡನೆ ಸಹಾಯಧನವೂ ಬಸ್ಸಿನ ಪಾಸೂ ಹೋದುವೆಂದೇ ತಿಳಿಯಬೇಕು.

4. ನಿಯಮವೇಕೆ ಇಷ್ಟು ಬಿಗಿ?

ಮೇಲೆ ಹೇಳಿದ 1200 ಗಂಟೆಗಳಲ್ಲಿ 840 ಗಂಟೆ ಕಾರ್ಯಾಗಾರದ ಕೆಲಸಕ್ಕೇ ಮೀಸಲು. 240 ಗಂಟೆ ಸಿದ್ಧಾಂತಕ್ಕೆ, 120 ಗಂಟೆ ಉದ್ಯೋಗ ಕೌಶಲಗಳಿಗೆ. ಅಂದರೆ ನೂರಕ್ಕೆ 70 ಪಾಲು ಕೈಯ ಕೆಲಸವೇ. ಪರೀಕ್ಷೆಯಲ್ಲಿಯೂ ಸಿದ್ಧಾಂತದಲ್ಲಿ ನೂರಕ್ಕೆ 33 ಅಂಕ ಸಾಕಾದರೆ, ಪ್ರಾಯೋಗಿಕದಲ್ಲಿ 60 ಬೇಕು. ತಪ್ಪಿದ ಚರಿತ್ರೆಯ ಪಾಠವನ್ನು ಗೆಳೆಯನ ಪುಸ್ತಕದಿಂದ ಬರೆದುಕೊಳ್ಳಬಹುದು. ತಪ್ಪಿದ ಅರದ ಕೆಲಸವನ್ನು ಯಾರ ಪುಸ್ತಕದಿಂದಲೂ ನಕಲು ಮಾಡಲಾಗದು. ಮೊದಲು ಕಬ್ಬಿಣದ ತುಂಡನ್ನು ಅರದಿಂದ ಸಮಮಾಡುವುದು, ಬಳಿಕ ಮೂಲೆಯನ್ನು ಲಂಬಕ್ಕೆ ತರುವುದು, ಅನಂತರ ಎರಡು ತುಂಡುಗಳನ್ನು ಸಂದಿಲ್ಲದೆ ಕೂಡಿಸುವುದು: ಹೀಗೆ ಮೆಟ್ಟಿಲಿನ ಮೇಲೆ ಮೆಟ್ಟಿಲು. ನಡುವಣ ಮೆಟ್ಟಿಲನ್ನು ಬಿಟ್ಟವನು ಮೇಲಿನದನ್ನು ಹತ್ತಲಾರನು. ವಿದ್ಯುತ್ತಿನ ಕೆಲಸದಲ್ಲಂತೂ ಕಲಿಯದೆ ಬಿಟ್ಟ ಎಚ್ಚರಿಕೆಯೊಂದು ಪ್ರಾಣಕ್ಕೇ ಎರವಾದೀತು. ನಿಯಮವು ಶಿಕ್ಷೆಗಾಗಿ ಹುಟ್ಟಿದುದಲ್ಲ. ಕಸುಬಿನ ಸ್ವಭಾವದಿಂದಲೇ ಹುಟ್ಟಿದುದು.

5. ಇಂದಿನ ಕೂಲಿಯೂ ನಾಳೆಯ ಪ್ರಮಾಣಪತ್ರವೂ

ನಮ್ಮ ಜಿಲ್ಲೆಗಳಲ್ಲಿ ಗೈರುಹಾಜರಿಗೆ ಸೋಮಾರಿತನವೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ತಿರುಪ್ಪೂರಿನಲ್ಲಿ ರಫ್ತಿನ ಸರಕಿಗೆ ಅವಸರ ಬಂದಾಗ, ಕತ್ತರಿಸಲು, ಮಡಿಸಲು, ಪೆಟ್ಟಿಗೆ ತುಂಬಲು ಕೈಗಳು ಬೇಕಾಗುತ್ತವೆ. ಸಿರುಮುಗೈಯ ನೇಕಾರರ ಮನೆಯಲ್ಲಿ ಹಾಸು ಹೂಡುವ ದಿನ ಮಗನ ಕೈಯೂ ಬೇಕೆನಿಸುತ್ತದೆ. ಬಡತನವಿರುವ ಮನೆಯಲ್ಲಿ ಆ ದಿನದ ಕೂಲಿ ಸಣ್ಣ ಸಂಗತಿಯಲ್ಲ. ಆದರೂ ತಾಯಿತಂದೆಗಳು ಒಂದು ಮಾತನ್ನು ತೂಗಿ ನೋಡಬೇಕು. ಮಡಿಸುವ ಕೆಲಸಕ್ಕೆ ಇಂದು ಸಿಕ್ಕುವ ಕೂಲಿ ಹತ್ತು ವರ್ಷದ ಮೇಲೂ ಮಡಿಸುವವನ ಕೂಲಿಯೇ. ಅದೇ ಕಾರ್ಖಾನೆಯಲ್ಲಿ ಯಂತ್ರವನ್ನು ಸರಿಪಡಿಸಬಲ್ಲವನು, ವಿದ್ಯುತ್ತಿನ ಹಲಗೆಯನ್ನು ನೋಡಿಕೊಳ್ಳಬಲ್ಲವನು ಬೇರೆಯೇ ಸಾಲಿನಲ್ಲಿ ನಿಲ್ಲುತ್ತಾನೆ. ಅವನಿಗೆ ಮುಂದಿನ ಓದಿನ ಬಾಗಿಲೂ ತೆರೆದಿರುತ್ತದೆ: ಎರಡು ವರ್ಷದ ಶಿಕ್ಷಣವನ್ನು ಮುಗಿಸಿದವನು ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವುಂಟು. ಕೆಲವು ದಿನಗಳ ಕೂಲಿಗಾಗಿ 80ರ ಗೆರೆಯನ್ನು ಕಳೆದುಕೊಂಡವನು ಇವೆಲ್ಲವನ್ನೂ ಕಳೆದುಕೊಂಡಂತೆಯೇ.

6. ಹೆಸರಿಗೆ ಮಾತ್ರ ತರಬೇತಿ

ತರಬೇತಿಯೆಂಬ ಹೆಸರಿದ್ದೆಡೆಯೆಲ್ಲ ತರಬೇತಿ ಇರುವುದಿಲ್ಲ. ಪಶ್ಚಿಮ ತಮಿಳುನಾಡಿನ ಹಲವು ನೂಲು ಗಿರಣಿಗಳಲ್ಲಿ ‘ಸುಮಂಗಲಿ’ ಎಂಬ ಹೆಸರಿನ ಯೋಜನೆಯ ಮೇರೆಗೆ ಬಡ ಹೆಣ್ಣುಮಕ್ಕಳನ್ನು ‘ಅಪ್ರೆಂಟಿಸ್’ ಎಂದು ಸೇರಿಸಿಕೊಂಡು, ಸುಮಾರು ಮೂರು ವರ್ಷ ದುಡಿಸಿ, ಕೊನೆಗೆ ಮದುವೆಗೆಂದು ಒಂದು ಮೊತ್ತ ಕೊಡುವ ಪದ್ಧತಿಯಿದ್ದಿತು. ನಡುವೆ ಬಿಟ್ಟವರಿಗೆ ಆ ಮೊತ್ತ ದಕ್ಕದೆ ಹೋಗುತ್ತಿದ್ದುದು, ಕಲಿಕೆಗೆ ಪ್ರಮಾಣಪತ್ರವಿಲ್ಲದಿದ್ದುದು ಇವೇ ಮೊದಲಾದ ಕಾರಣಗಳಿಂದ ಅದು ತೀವ್ರ ಟೀಕೆಗೆ ಗುರಿಯಾಯಿತು.

ನಿಜವಾದ ಶಿಶಿಕ್ಷುತನಕ್ಕೆ 1961ರ ಅಪ್ರೆಂಟಿಸರ ಕಾಯಿದೆಯ ಆಧಾರವುಂಟು. ಅದರಂತೆ ಒಪ್ಪಂದವು ಬರೆಹದಲ್ಲಿರಬೇಕು, ಅದು ನೋಂದಣಿಯಾಗಬೇಕು. ಕಲಿಯುವವನು ಅಪ್ರಾಪ್ತವಯಸ್ಕನಾದರೆ ಪೋಷಕರು ರುಜು ಹಾಕಬೇಕು. ಕನಿಷ್ಠ ವಯಸ್ಸು 14. ಅಪಾಯಕರ ಕೈಗಾರಿಕೆಗಳಲ್ಲಿ 18. ಆದುದರಿಂದ ಯಾರಾದರೂ ಬಂದು “ಮಗುವನ್ನು ತರಬೇತಿಗೆ ಕಳುಹಿಸಿ” ಎಂದರೆ ತಾಯಿತಂದೆಗಳು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಸಂಸ್ಥೆಗೆ ಸರ್ಕಾರದ ಮಾನ್ಯತೆಯಿದೆಯೇ? ಯಾವ ಕಸುಬು, ಎಷ್ಟು ಕಾಲ? ಕೊನೆಗೆ ಯಾರು ಪರೀಕ್ಷೆ ನಡೆಸಿ ಯಾವ ಪ್ರಮಾಣಪತ್ರ ಕೊಡುತ್ತಾರೆ? ಒಪ್ಪಂದದ ಪ್ರತಿ ನಮ್ಮ ಕೈಗೆ ಬರುತ್ತದೆಯೇ? ಉತ್ತರ ಸಿಕ್ಕದಿದ್ದರೆ ರುಜು ಹಾಕಬಾರದು.

ಹಾಜರಿ ಪಟ್ಟಿಗೆ ಎರಡು ಮುಖಗಳುಂಟೆಂಬುದು ಇದರಿಂದ ತಿಳಿಯುತ್ತದೆ. ಅದು ವಿದ್ಯಾರ್ಥಿಯನ್ನು ಸಂಸ್ಥೆಗೆ ಬದ್ಧನನ್ನಾಗಿ ಮಾಡುವಂತೆಯೇ ಸಂಸ್ಥೆಯನ್ನೂ ವಿದ್ಯಾರ್ಥಿಗೆ ಬದ್ಧವಾಗಿಸುತ್ತದೆ. “ಈ ಮಗು ಇಷ್ಟು ದಿನ ನಮ್ಮಲ್ಲಿ ಕಲಿಯಿತು” ಎಂಬುದಕ್ಕೆ ಅದೇ ಸಾಕ್ಷಿ. ಮಕ್ಕಳು ತಮ್ಮ ಹಾಜರಿಯನ್ನು ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳಲಿ. ತಾಯಿತಂದೆಗಳು ವರ್ಷದ ನಡುವೆ ಒಮ್ಮೆಯಾದರೂ ಸಂಸ್ಥೆಗೆ ಹೋಗಿ ಆ ಪಟ್ಟಿಯನ್ನು ನೋಡಿ ಬರಲಿ.

ಅಭ್ಯಾಸ

1. ವರ್ಷಕ್ಕೆ 200 ದಿನ. ಒಬ್ಬಳು ಮೊದಲ 120 ದಿನಗಳಲ್ಲಿ 84 ದಿನ ಹಾಜರಾದಳು. ಉಳಿದ 80 ದಿನಗಳಲ್ಲಿ ಎಷ್ಟು ದಿನ ಬಂದರೆ ಪರೀಕ್ಷೆಗೆ ಅರ್ಹಳಾಗುವಳು?

2. ಮೊದಲ 100 ದಿನಗಳಲ್ಲಿ 58 ದಿನ ಬಂದವನು ಉಳಿದ ನೂರು ದಿನವೂ ಬಂದರೆ ಅವನ ಹಾಜರಿ ನೂರಕ್ಕೆ ಎಷ್ಟು? ಅವನು ಅರ್ಹನೇ?

3. 1200 ಗಂಟೆಗಳಲ್ಲಿ ನೂರಕ್ಕೆ 80 ಎಂದರೆ ಎಷ್ಟು ಗಂಟೆ?

4. ನಿಮ್ಮ ಹೆಸರನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಬರೆದು, ನಿಮ್ಮ ಎಲ್ಲ ಪತ್ರಗಳೊಡನೆ ಹೋಲಿಸಿರಿ. ವ್ಯತ್ಯಾಸ ಕಂಡರೆ ಉಪಾಧ್ಯಾಯರಿಗೆ ತಿಳಿಸಿರಿ.

(ಉತ್ತರಗಳು: 1. 76 ದಿನ. 2. 79, ಅರ್ಹನಲ್ಲ. 3. 960 ಗಂಟೆ.)